ಸ್ಕೂಟರಿನ ಅಯಸ್ಕಾಂತ, ಕಡಲ ಮರಳು

ಪ್ರಶ್ನೆ: ಚೀನಾ ರಫ್ತನ್ನು ಬಿಗಿಗೊಳಿಸಿದ್ದರಿಂದ 2025ರಲ್ಲಿ ನಮ್ಮ ವಿದ್ಯುತ್ ವಾಹನ ತಯಾರಕರಿಗೆ ಅಯಸ್ಕಾಂತದ ಕೊರತೆಯಾಯಿತೆಂದು ಓದಿದೆ. ಅದರ ಅದಿರು ಕೇರಳದ ಕಡಲ ಮರಳಿನಲ್ಲೇ ಇದೆಯಂತೆ. ಹಾಗಿದ್ದರೆ ನಾವೇ ಏಕೆ ತಯಾರಿಸಿಕೊಳ್ಳಬಾರದು? ಬ್ಯಾಟರಿಯದೂ ಇದೇ ಕಥೆಯೇ?
– ಓದುಗರೊಬ್ಬರು, ತುಮಕೂರು

ಉತ್ತರ: ವಿದ್ಯುತ್ ಸ್ಕೂಟರಿನ ಚಕ್ರದೊಳಗೇ ಕೂರುವ ಹಬ್ ಮೋಟಾರನ್ನು ಬಿಚ್ಚಿದರೆ, ಉಕ್ಕಿನ ಬಳೆಯ ಒಳಮೈಗೆ ಸಾಲಾಗಿ ಅಂಟಿಸಿದ ಚಪ್ಪಟೆ ಬಿಲ್ಲೆಗಳು ಕಾಣುತ್ತವೆ. ನಿಯೋಡಿಮಿಯಮ್, ಕಬ್ಬಿಣ ಮತ್ತು ಬೋರಾನ್ ಬೆರೆತ ಈ ಅಯಸ್ಕಾಂತಗಳು ಬೇಗ ತುಕ್ಕು ಹಿಡಿಯುವುದರಿಂದ ಅವುಗಳಿಗೆ ನಿಕ್ಕಲ್ಲಿನಂಥ ಲೇಪ ಕೊಟ್ಟಿರುತ್ತಾರೆ. ಘಾಟಿ ಹತ್ತುವಾಗ ಮೋಟಾರು ಮಿತಿಮೀರಿ ಕಾದರೆ ಅವುಗಳ ಸೆಳೆತ ಕುಗ್ಗುತ್ತದೆ, ತಣಿದ ಮೇಲೂ ಪೂರ್ತಿಯಾಗಿ ಮರಳುವುದಿಲ್ಲ. ಆ ಕಾವನ್ನು ತಾಳಲೆಂದೇ ಡಿಸ್ಪ್ರೋಸಿಯಮ್ ಅಥವಾ ಟರ್ಬಿಯಮ್ ಎಂಬ ಲೋಹವನ್ನು ಸ್ವಲ್ಪ ಸೇರಿಸುತ್ತಾರೆ. 2025ರ ಏಪ್ರಿಲ್ 4ರಂದು ಚೀನಾ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದ ಏಳು ವಿರಳ ಭೂಧಾತುಗಳಲ್ಲಿ ನಿಯೋಡಿಮಿಯಮ್ ಇರಲೇ ಇಲ್ಲ. ಡಿಸ್ಪ್ರೋಸಿಯಮ್, ಟರ್ಬಿಯಮ್ ಎರಡೂ ಇದ್ದವು, ಇವನ್ನು ಬೆರೆಸಿದ ಅಯಸ್ಕಾಂತಗಳೂ ಇದ್ದವು. ಊಟ ಬಿಟ್ಟು ಉಪ್ಪನ್ನು ಮಾತ್ರ ತಡೆದಂತೆ.

ಕೇರಳ, ತಮಿಳುನಾಡು, ಆಂಧ್ರ, ಒಡಿಶಾಗಳ ಕಡಲ ಮರಳಿನಲ್ಲಿ ಮೊನಜೈಟ್ ಎಂಬ ಅದಿರು ಇರುವುದು ನಿಜ. ಅಣು ಇಂಧನಕ್ಕೆ ಒದಗುವ ಥೋರಿಯಮ್ ಇರುವ ಕಾರಣ ಅದು ಅಣುಶಕ್ತಿ ಇಲಾಖೆಯ ಹತೋಟಿಯಲ್ಲಿದೆ. ಸರ್ಕಾರಿ ಸಂಸ್ಥೆಯಾದ ಐಆರ್‌ಇಎಲ್ ಅದನ್ನು ಸಂಸ್ಕರಿಸುತ್ತದೆ. ಅದರಲ್ಲಿ ನಿಯೋಡಿಮಿಯಮ್ ಸಿಗುತ್ತದೆ, ಆದರೆ ಡಿಸ್ಪ್ರೋಸಿಯಮ್, ಟರ್ಬಿಯಮ್‌ಗಳು ತೆಗೆಯಲು ಗಿಟ್ಟುವಷ್ಟಿಲ್ಲ. ಇರುವುದನ್ನಾದರೂ ಬಳಸೋಣವೆಂದರೆ, ಒಂದನ್ನೊಂದು ಹೋಲುವ ಧಾತುಗಳನ್ನು ದ್ರಾವಕಗಳ ತೊಟ್ಟಿಯಿಂದ ತೊಟ್ಟಿಗೆ ಹಾಯಿಸಿ ಬೇರ್ಪಡಿಸಬೇಕು. ಲೋಹ ಮಾಡಿ, ಕೆಲವೇ ಮೈಕ್ರಾನಿನ ಪುಡಿಯಾಗಿಸಿ, ಕಾಂತಕ್ಷೇತ್ರದಲ್ಲಿ ಒತ್ತಿ, ಸಾವಿರ ಡಿಗ್ರಿಗೂ ಮೇಲಿನ ಕಾವಿನಲ್ಲಿ ಬೇಯಿಸಬೇಕು. ಈ ನಡುವಿನ ಕೆಲಸಗಳನ್ನೇ ಚೀನಾ ದಶಕಗಳಿಂದ ಕೈವಶ ಮಾಡಿಕೊಂಡಿದೆ. ನಮ್ಮ ಕೇಂದ್ರ ಸಚಿವ ಸಂಪುಟ ವರ್ಷಕ್ಕೆ 6,000 ಟನ್ ಅಯಸ್ಕಾಂತ ತಯಾರಿಸುವ ಗುರಿಯ ₹7,280 ಕೋಟಿ ಯೋಜನೆಗೆ ಒಪ್ಪಿಗೆ ಕೊಟ್ಟದ್ದು 2025ರ ನವೆಂಬರಿನಲ್ಲಿ, ಪೆಟ್ಟು ಬಿದ್ದ ಮೇಲೆ. ಆ ಕಾರ್ಖಾನೆಗಳು ಎದ್ದರೂ ಕಾವು ತಾಳುವ ಆ ಚಿಟಿಕೆ ಲೋಹಕ್ಕೆ ಹೊರಗೆ ನೋಡಬೇಕಾದೀತು, ಇಲ್ಲವೇ ಅದು ಕಡಿಮೆ ಸಾಕಾಗುವ ಮೋಟಾರನ್ನು ರೂಪಿಸಿಕೊಳ್ಳಬೇಕು.

ಬ್ಯಾಟರಿಯ ಕಥೆ ಅರ್ಧ ಮಾತ್ರ ಹೋಲುತ್ತದೆ. ಲಿಥಿಯಮ್ಮನ್ನು ಆಸ್ಟ್ರೇಲಿಯಾ, ಚಿಲಿಗಳೂ ಹೇರಳವಾಗಿ ತೆಗೆಯುತ್ತವೆ. ಶುದ್ಧೀಕರಣ ಮತ್ತು ಸೆಲ್ ತಯಾರಿಕೆ ಬಹುಪಾಲು ಚೀನಾದಲ್ಲಿದೆ. ‘ಭಾರತದಲ್ಲಿ ತಯಾರಾದದ್ದು’ ಎಂಬ ಚೀಟಿ ಹೊತ್ತ ಎಷ್ಟೋ ಬ್ಯಾಟರಿಗಳಲ್ಲಿ ನಮ್ಮದೆಂದರೆ ಹೊರಗಿನ ಪೆಟ್ಟಿಗೆ ಮತ್ತು ಜೋಡಣೆ; ಒಳಗಿನ ಸೆಲ್ಲುಗಳು ಹಡಗಿನಲ್ಲಿ ಬಂದವು.