ಲೋಹಿತಾಶ್ವನ್ನ ಯಾಕೆ ಬಿಟ್ರಿ?

ನಮಸ್ಕಾರ,

ನೀವು ಕಳ್ಸಿದ ಹರಿಶ್ಚಂದ್ರನ ಲೇಖನ ಎರಡು ಸಲ ಓದಿದೆ, ಒಂದ್ಸಲ ತುಮಕೂರಿಂದ ಗುಬ್ಬಿಗೆ ಹೋಗ್ತಾ ಬಸ್ಸಲ್ಲಿ, ಇನ್ನೊಂದ್ಸಲ ರಾತ್ರಿ ಮನೇಲಿ ಪೆನ್ಸಿಲ್ ಹಿಡ್ಕೊಂಡು. ಈಗ ಇರೋ ಹಾಗೆ ಇದನ್ನ ನಮ್ಮ ಪತ್ರಿಕೇಲಿ ಹಾಕಕ್ಕಾಗಲ್ಲ ಕಣಮ್ಮ. ಆದ್ರೆ ಬರೀ ಅಷ್ಟು ಹೇಳಿ ವಾಪಸ್ ಕಳ್ಸೋಕೆ ಮನಸ್ಸಾಗ್ಲಿಲ್ಲ, ಅದಕ್ಕೇ ಇಷ್ಟುದ್ದ ಬರೀತಿದೀನಿ.

‘ಆದರ್ಶ ತಂದೆ ಹರಿಶ್ಚಂದ್ರ’ ಅಂತ ಹೆಡ್ಡಿಂಗ್ ಕೊಟ್ಟಿದೀರಿ, ಆರು ಪುಟದಲ್ಲಿ ಲೋಹಿತಾಶ್ವನ ಹೆಸರು ಬರೋದು ಎರಡೇ ಕಡೆ, ಮಾರೋವಾಗ ಒಂದ್ಸಲ, ಸಾಯೋವಾಗ ಒಂದ್ಸಲ. ಉಳಿದಿದ್ದೆಲ್ಲ ಸತ್ಯದ ಹೊಗಳಿಕೆ. ಮಗನೇ ಇಲ್ಲದೆ ತಂದೆ ಎಲ್ಲಿಂದ ಬಂದ? ವಿಶ್ವಾಮಿತ್ರನಿಗೆ ಮಾತು ಕೊಟ್ಟಿದ್ದು ಅಪ್ಪ, ಆದ್ರೆ ಕಾಶೀಲಿ ಬ್ರಾಹ್ಮಣನ ಮನೆ ಸೇರಿ, ದರ್ಭೆ ಸೌದೆ ತರಕ್ಕೆ ಕಾಡಿಗೆ ಹೋಗಿ, ಹಾವು ಕಚ್ಚಿಸ್ಕೊಂಡು ಸತ್ತಿದ್ದು ಆ ಹುಡುಗ. ಅವನನ್ನ ಯಾರೂ ಒಂದು ಮಾತು ಕೇಳ್ಲಿಲ್ಲ, ನೀವೂ ಕೇಳ್ಲಿಲ್ಲ. ಹರಿಶ್ಚಂದ್ರನ್ನ ಬೈದು ಬರೀರಿ ಅಂತ ನಾನು ಹೇಳ್ತಿಲ್ಲ, ಹಾಗೆ ಬರೆದವರ ಲೇಖನಗಳೂ ಬರ್ತಾವೆ, ಅವೂ ಹೀಗೇ ಒಂದೇ ಕಡೆಗೆ ವಾಲಿರ್ತವೆ.

ನಾನು ಚಿಕ್ಕೋನಿದ್ದಾಗ ಗುಬ್ಬಿ ಹತ್ರ ಒಂದು ಹಳ್ಳೀಲಿ ಜಾತ್ರೆಗೆ ಹರಿಶ್ಚಂದ್ರ ನಾಟಕ ಆಡಿದ್ರು. ಹರಿಶ್ಚಂದ್ರನ ಪಾರ್ಟು ಮಾಡಿದೋರು ಗಾರೆ ಕೆಲಸದವರು, ಕಂಠ ಅಂದ್ರೆ ಕಂಠ. ಸುಡುಗಾಡಿನ ಸೀನು ಬರೋ ಹೊತ್ತಿಗೆ ರಾತ್ರಿ ಮೂರು ಗಂಟೆ, ಹೆಣವಾಗಿ ಮಲಗಿದ್ದ ಹುಡುಗ ನಿಜವಾಗ್ಲೂ ನಿದ್ದೆ ಹೋಗ್ಬಿಟ್ಟಿದ್ದ, ಒಂದು ಕಾಲು ಬೆಂಚಿಂದ ಕೆಳಗೆ ಜೋತಾಡ್ತಿತ್ತು. ಅವರು ಹಾರ್ಮೋನಿಯಂ ಜೊತೆ ಹಾಡ್ತಾ ಹಾಡ್ತಾನೇ ಬಗ್ಗಿ, ಆ ಕಾಲನ್ನ ಮೆತ್ತಗೆ ಎತ್ತಿ ಬೆಂಚ್ ಮೇಲಿಟ್ಟು, ಅದೇ ಕೈಯನ್ನ ಚಂದ್ರಮತಿ ಮುಂದೆ ಚಾಚಿ ಸುಡುಗಾಡಿನ ತೆರಿಗೆ ಕೇಳಿದ್ರು. ನನ್ನ ಪಕ್ಕ ಕೂತಿದ್ದ ಅಜ್ಜಿ ಸೆರಗು ಬಾಯಿಗಿಟ್ಕೊಂಡು ಬಿಕ್ಕಿದ್ಲು. ನಿಮ್ಮ ಲೇಖನದಲ್ಲಿ ಆ ಚಾಚಿದ ಕೈ ಇದೆ, ಕಾಲೆತ್ತಿ ಇಟ್ಟ ಕೈ ಇಲ್ಲ.

ಇನ್ನೊಂದು, ನೀವು ರಾಘವಾಂಕನ ಕಾವ್ಯ ಒಂದನ್ನೇ ಇಟ್ಕೊಂಡಿದೀರಿ, ತಪ್ಪಲ್ಲ, ಆದ್ರೆ ಅದಕ್ಕಿಂತ ಎಷ್ಟೋ ಹಳೇದಾದ ‘ಐತರೇಯ ಬ್ರಾಹ್ಮಣ’ ಅನ್ನೋ ವೇದಗ್ರಂಥದ ಕತೆ ನೋಡಿ. ಅಲ್ಲಿ ಹರಿಶ್ಚಂದ್ರನಿಗೆ ಮಕ್ಕಳಿರಲ್ಲ, ಮಗ ಹುಟ್ಟಿದ್ರೆ ನಿನಗೇ ಬಲಿ ಕೊಡ್ತೀನಿ ಅಂತ ವರುಣನಿಗೆ ಹರಕೆ ಹೊರ್ತಾನೆ. ರೋಹಿತ ಹುಟ್ತಾನೆ, ವರುಣ ಬಂದು ಕೇಳ್ತಾನೆ, ಹರಿಶ್ಚಂದ್ರ ಹತ್ತು ದಿನ ಕಳೀಲಿ ಅಂತಾನೆ, ಆಮೇಲೆ ಹಲ್ಲು ಬರ್ಲಿ, ಹಲ್ಲು ಬೀಳ್ಲಿ, ಮತ್ತೆ ಹುಟ್ಲಿ, ಕವಚ ತೊಡೋ ವಯಸ್ಸಾಗ್ಲಿ ಅಂತ ಮುಂದೂಡ್ತಾನೇ ಹೋಗ್ತಾನೆ. ಸತ್ಯಕ್ಕೆ ಹೆಸರಾದವನು ಮಗನ ಹಲ್ಲು ಎಣಿಸ್ಕೊಂಡು ದಿನ ತಳ್ಳೋದು! ಕೊನೆಗೆ ರೋಹಿತನ ಬದಲಿಗೆ ಬಲಿಗೆ ಸಿಗೋದು ಶುನಶ್ಶೇಪ, ಅವನ ಅಪ್ಪ ಅಜೀಗರ್ತ ನೂರು ಹಸುವಿಗೆ ಅವನನ್ನ ಮಾರ್ತಾನೆ. ಈ ಇಬ್ಬರು ಅಪ್ಪಂದಿರನ್ನ ಎದುರುಬದುರು ಕೂರಿಸಿದ್ರೆ ನಿಮ್ಮ ಪ್ರಶ್ನೆ ತಾನಾಗೇ ಎದ್ದು ನಿಲ್ಲುತ್ತೆ.

ಗಾಂಧೀಜಿ ಚಿಕ್ಕಂದಿನಲ್ಲಿ ಈ ನಾಟಕ ನೋಡಿ ಅತ್ತಿದ್ರು ಅಂತ ಬರ್ದಿದೀರಿ, ಸರಿ. ಅವರ ಹಿರಿ ಮಗ ಹರಿಲಾಲ್ ಇಂಗ್ಲೆಂಡಲ್ಲಿ ಲಾ ಓದ್ಬೇಕು ಅಂದಾಗ ಅಪ್ಪ ಒಪ್ಪಲಿಲ್ಲ, ಆ ಸಂಬಂಧ ಕಡೇವರೆಗೂ ಸರಿ ಹೋಗ್ಲಿಲ್ಲ, 1948ರಲ್ಲಿ ಅಪ್ಪ ಹೋದ ಕೆಲವೇ ತಿಂಗಳಿಗೆ ಮಗನೂ ಹೋದ್ರು. ಇದನ್ನ ಬಿಟ್ಟು ನಾಟಕದ ಕಣ್ಣೀರು ಮಾತ್ರ ಹೇಳಿದ್ರೆ ಅರ್ಧ ಸತ್ಯ ಆಗುತ್ತೆ.

ಈಗ ನನಗೆ ತುಂಬಾ ಹಿಡಿಸಿದ ಜಾಗ. ಕೊನೇ ಪುಟದಲ್ಲಿ ಎರಡು ಲೈನಲ್ಲಿ ನಿಮ್ಮ ಅಪ್ಪನ ವಿಷಯ ಹೇಳಿ ಓಡ್ಬಿಟ್ಟಿದೀರಿ: ಊರಿನ ಹಾಲಿನ ಡೈರೀಲಿ ಸೆಕ್ರೆಟರಿ ಆಗಿದ್ರು, ಸ್ವಂತ ಅಕ್ಕನ ಹಾಲು, ನೀರು ಬೆರೆತಿದೆಯಾ ಅಂತ ನೋಡೋ ಅಳತೇಲಿ ಡಿಗ್ರಿ ಬರ್ಲಿಲ್ಲ ಅಂತ ವಾಪಸ್ ಕಳ್ಸಿದ್ರು, ಅವತ್ತಿಂದ ಅತ್ತೆ ಮನೆಯವರು ನಿಮ್ಮನೆಗೆ ಬರೋದು ಬಿಟ್ರು. ಅಲ್ಲಮ್ಮ, ಇದನ್ನ ಎರಡು ಲೈನಿಗೆ ಮುಗಿಸೋದಾ? ಅತ್ತೆ ಕ್ಯಾನು ಹೊತ್ಕೊಂಡು ಹೊರಟಾಗ ಕ್ಯೂನಲ್ಲಿದ್ದೋರು ಏನಂದ್ರು, ಮನೇಲಿ ಅಮ್ಮ ಅಪ್ಪನ ಜೊತೆ ಎಷ್ಟು ದಿನ ಮಾತು ಬಿಟ್ರು, ಅತ್ತೆ ಮಕ್ಕಳು ಸ್ಕೂಲಲ್ಲಿ ನಿಮ್ಮನ್ನ ಹೇಗೆ ನೋಡಿದ್ರು, ಆಗ ನಿಮಗೆ ಅಪ್ಪನ ಮೇಲೆ ಹೆಮ್ಮೆ ಇತ್ತಾ ಸಿಟ್ಟಿತ್ತಾ? ಸಿಟ್ಟಿದ್ರೆ ಸಿಟ್ಟು ಅಂತ್ಲೇ ಬರೀರಿ. ಲೋಹಿತಾಶ್ವ ಹೇಳದೇ ಹೋಗಿದ್ದನ್ನ ಹೇಳೋ ಹಕ್ಕು ನಿಮಗಿದೆ, ನೀವು ಆ ಮನೇಲಿ ಬೆಳೆದೋರು. ಅಲ್ಲಿಂದ ಶುರು ಮಾಡಿ, ಹರಿಶ್ಚಂದ್ರ ಆಮೇಲೆ ಬರ್ಲಿ.

‘ಸತ್ಯಸಂಧತೆಯ ಪರಾಕಾಷ್ಠೆ’ ಥರದ ಪದಗಳಿಗೆಲ್ಲ ಪೆನ್ಸಿಲಲ್ಲಿ ಗೀಟು ಹಾಕಿದೀನಿ, ತೆಗೀರಿ. ಸಾವಿರ ಪದದೊಳಗಿರ್ಲಿ, ನುಡಿ ಸಾಫ್ಟ್‌ವೇರಲ್ಲಿ ಟೈಪ್ ಮಾಡಿದ್ರೂ ಪರ್ವಾಗಿಲ್ಲ ನಾವು ಬದಲಾಯಿಸ್ಕೋತೀವಿ. ದೀಪಾವಳಿ ಸಂಚಿಕೆಗೆ ಎರಡು ಪುಟ ಖಾಲಿ ಇಟ್ಟಿರ್ತೀನಿ, ಆಯುಧಪೂಜೆ ಒಳಗೆ ಕಳ್ಸಿ. ಕಳ್ಸೋ ಮುಂಚೆ ಅಪ್ಪಂಗೆ ಒಂದ್ಸಲ ಓದಿ ಹೇಳಿ, ಅವರ ಮನೆಯ ವಿಷಯ ಅದು, ಬೇಡ ಅಂದ್ರೆ ನನಗೊಂದು ಫೋನ್ ಮಾಡಿ, ಮಾತಾಡೋಣ.