ಆಪ್ಟಿಕಲ್ ಫೈಬರ್ ಸಂಶೋಧನೆಯಲ್ಲಿ ಡಿವೈಸ್ ಕಡೆ ಹೋಗಲಾ, ಟ್ರಾನ್ಸ್‌ಮಿಷನ್ ಕಡೆ ಹೋಗಲಾ?

ಕೋಡಿಂಗ್ ಚೆನ್ನಾಗಿ ಬರುತ್ತದೆ, ಕ್ಲೀನ್‌ರೂಮ್ (ಚಿಪ್ ತಯಾರಿಸುವ ಧೂಳಿಲ್ಲದ ಕೋಣೆ) ಅನುಭವ ಇಲ್ಲ, ಹಾಗಾಗಿ ಲೇಸರ್, ಮಾಡ್ಯುಲೇಟರ್ (ಬೆಳಕಿನ ಮೇಲೆ ಡೇಟಾ ಬರೆಯುವ ಸಾಧನ) ಮುಂತಾದ ಡಿವೈಸ್‌ಗಳ ಗೊಡವೆ ಬಿಟ್ಟು, ಫೈಬರ್‌ನಲ್ಲಿ ಸಿಗ್ನಲ್ ಹೇಗೆ ಸಾಗುತ್ತದೆ ಅಂತ ನೋಡುವ ಟ್ರಾನ್ಸ್‌ಮಿಷನ್ ತೆಗೆದುಕೊಂಡರೆ ಆಗದೇ ಅಂತ ಕೇಳಿದ್ದೀರಿ. ಮಷೀನ್ ಲರ್ನಿಂಗ್‌ಗೆ ಅಲ್ಲಿ ಅವಕಾಶ ಜಾಸ್ತಿಯಲ್ಲವೇ ಅಂತಲೂ ಸೇರಿಸಿದ್ದೀರಿ. ಪಿಎಚ್‌ಡಿಗೆ ಸೇರುವಾಗ ನಾನು ಗೈಡ್ ಮುಂದೆ ಹೇಳಿದ್ದು ಹೆಚ್ಚುಕಡಿಮೆ ಇದೇ ಮಾತು. ಅವರು ಬೇಡ ಅನ್ನಲಿಲ್ಲ. ಅನ್ನಬೇಕಿತ್ತು ಅಂತ ಈಗ ಅನ್ನಿಸುತ್ತದೆ.

ನನಗೆ ಸಿಕ್ಕಿದ್ದು ನಾನ್‌ಲೀನಿಯಾರಿಟಿ ವಿಷಯ. ಫೈಬರ್‌ಗೆ ಕಳಿಸುವ ಪವರ್ ಕಡಿಮೆಯಾದರೆ ಆಂಪ್ಲಿಫೈಯರ್‌ಗಳ ನಾಯ್ಸ್ ಸಿಗ್ನಲ್ಲನ್ನು ನುಂಗುತ್ತದೆ. ಹೆಚ್ಚಾದರೆ ಗಾಜಿನ ಕೆರ್ ಪರಿಣಾಮದಿಂದ (ಬೆಳಕಿನ ತೀವ್ರತೆಗೆ ತಕ್ಕಂತೆ ಗಾಜಿನ ವಕ್ರೀಭವನ ಸೂಚ್ಯಂಕ ಬದಲಾಗುವುದು) ಸಿಗ್ನಲ್ ತನ್ನನ್ನೇ ಕೆಡಿಸಿಕೊಳ್ಳುತ್ತದೆ. ಪವರ್ ಏರಿಸಿದಂತೆ ಈ ಕೆಡುಕು ಅದರ ಘನದ ಪ್ರಮಾಣದಲ್ಲಿ ಬೆಳೆಯುವುದರಿಂದ ನಡುವೆ ಎಲ್ಲೋ ಒಂದು ಕಡೆ ಅತ್ಯುತ್ತಮ ಬಿಂದು ಇರುತ್ತದೆ. ಆ ಬಿಂದುವನ್ನು ಇನ್ನಷ್ಟು ಮೇಲಕ್ಕೆ ತಳ್ಳಲು ರಿಸೀವರ್‌ನಲ್ಲಿ ಒಂದು ನ್ಯೂರಲ್ ನೆಟ್‌ವರ್ಕ್ ಈಕ್ವಲೈಸರ್ (ಕೆಟ್ಟ ಸಿಗ್ನಲ್ಲನ್ನು ಸರಿಪಡಿಸುವ ಭಾಗ) ಕೂರಿಸುವುದು ನನ್ನ ಕೆಲಸ. 80 ಕಿ.ಮೀ. ಉದ್ದದ ಫೈಬರ್ ತುಂಡುಗಳನ್ನು (ಸ್ಪ್ಯಾನ್) ಸಾಲಾಗಿ ಜೋಡಿಸಿ, ಪ್ರತಿ ಸ್ಪ್ಯಾನ್‌ನ 16 ಡಿಬಿ (ಡೆಸಿಬೆಲ್, ಪವರ್ ಅನುಪಾತದ ಅಳತೆ) ನಷ್ಟವನ್ನು, ಬೆಳಕನ್ನೇ ನೇರವಾಗಿ ವರ್ಧಿಸುವ ಎರ್ಬಿಯಂ ಆಂಪ್ಲಿಫೈಯರ್‌ನಿಂದ ತುಂಬಿಸಿ, ಕ್ಯುಪಿಎಸ್‌ಕೆ (ಬೆಳಕಿನ ಅಲೆಯ ನಾಲ್ಕು ಫೇಸ್‌ಗಳಲ್ಲಿ ಬಿಟ್ ಬರೆಯುವ ವಿಧಾನ) ಸಿಗ್ನಲ್ ಹಾಯಿಸುವ ಸಿಮ್ಯುಲೇಷನ್ ಬರೆದೆ. ಎಲ್ಲವೂ ಕಂಪ್ಯೂಟರ್‌ನಲ್ಲೇ. ಪಕ್ಕದ ಕೋಣೆಯಲ್ಲಿ ನಿಜವಾದ ಫೈಬರ್ ಸುರುಳಿಗಳು ಇದ್ದವು. ನಾನು ಆ ಕಡೆ ಹೋಗುತ್ತಲೇ ಇರಲಿಲ್ಲ.

ಫಲಿತಾಂಶ ಬಹಳ ಚೆನ್ನಾಗಿ ಬಂತು, ಸಿಗ್ನಲ್ ಗುಣಮಟ್ಟದಲ್ಲಿ ಎರಡು ಡಿಬಿಗೂ ಮೀರಿದ ಲಾಭ. ಅಕ್ಕಪಕ್ಕದ ಚಾನೆಲ್‌ಗಳೂ (ಅದೇ ಫೈಬರ್‌ನಲ್ಲಿ ಬೇರೆ ತರಂಗಾಂತರದ ಸಿಗ್ನಲ್‌ಗಳು) ತುಂಬಿರುವ ಲಿಂಕ್‌ನಲ್ಲಿ ಒಂದು ಚಾನೆಲ್ಲನ್ನಷ್ಟೇ ಸರಿಪಡಿಸುವ ಬೇರೆ ವಿಧಾನಗಳು ಹೆಣಗಾಡಿ ಅರ್ಧದಿಂದ ಒಂದು ಡಿಬಿ ಕೊಡುತ್ತವೆ. ನಾವು ಪ್ರಬಂಧ ಬರೆದು ಕಳಿಸಿಯೂ ಬಿಟ್ಟೆವು.

ತಪ್ಪು ಇದ್ದದ್ದು ನಾನು ಕಳಿಸುತ್ತಿದ್ದ ಬಿಟ್‌ಗಳಲ್ಲಿ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಏಕೆಂದರೆ ನೀವು ಹೊರಟಿರುವ ದಾರಿಯಲ್ಲಿ ಈ ಹಳ್ಳ ಖಂಡಿತ ಇದೆ.

ಲ್ಯಾಬ್‌ಗಳಲ್ಲಿ ಪರೀಕ್ಷೆಗೆ ಬಳಸುವ ಬಿಟ್ ಸಾಲಿಗೆ ಪಿಆರ್‌ಬಿಎಸ್ ಅನ್ನುತ್ತಾರೆ. ನೋಡಲು ಯಾದೃಚ್ಛಿಕ, ಒಳಗೆ ಕಟ್ಟುನಿಟ್ಟಾದ ನಿಯಮ. ನಾನು ಬಳಸಿದ್ದು ಪಿಆರ್‌ಬಿಎಸ್-15: 15 ಹಂತಗಳ ಶಿಫ್ಟ್ ರಿಜಿಸ್ಟರ್‌ನಿಂದ (ಬಿಟ್‌ಗಳನ್ನು ಒಂದೊಂದೇ ಹೆಜ್ಜೆ ಸರಿಸುವ ಸರ್ಕ್ಯೂಟ್) ಹುಟ್ಟುವ, 32,767 ಬಿಟ್‌ಗಳಾದ ಮೇಲೆ ಮತ್ತೆ ಮೊದಲಿನಿಂದ ಶುರುವಾಗುವ ಸಾಲು. ಅದರ ಪ್ರತಿ ಬಿಟ್ ತನ್ನ ಹಿಂದಿನ 14ನೇ ಮತ್ತು 15ನೇ ಬಿಟ್‌ಗಳ ಎಕ್ಸ್‌ಕ್ಲೂಸಿವ್-ಆರ್: ಅವೆರಡೂ ಒಂದೇ ಆಗಿದ್ದರೆ 0, ಬೇರೆಯಾಗಿದ್ದರೆ 1. ಅಂದರೆ ಆ ಎರಡು ಬಿಟ್ ಗೊತ್ತಿದ್ದರೆ ಈ ಬಿಟ್ಟನ್ನು ರಿಸೀವರ್ ನೋಡುವುದೇ ಬೇಡ, ಹೇಳಿಬಿಡಬಹುದು. ಗದ್ದಲದಲ್ಲಿ ಯಾರೋ ಮಗ್ಗಿ ಹೇಳುತ್ತಿದ್ದಾರೆ ಅಂದುಕೊಳ್ಳಿ. ಎರಡು, ನಾಲ್ಕು, ಆರು ಕೇಳಿಸಿತು, ಮುಂದಿನದು ಕೇಳಿಸಲಿಲ್ಲ, ಆಮೇಲೆ ಹತ್ತು ಕೇಳಿಸಿತು. ನಡುವಿನದು ಎಂಟು ಅಂತ ನೀವು ಹೇಳುತ್ತೀರಿ. ಅದು ನಿಮ್ಮ ಕಿವಿಯ ಶಕ್ತಿ ಅಲ್ಲ.

ನನ್ನ ನೆಟ್‌ವರ್ಕ್ ಮಾಡಿದ್ದು ಅದನ್ನೇ. ಡಿಸ್ಪರ್ಷನ್‌ನಿಂದ (ತರಂಗಾಂತರಕ್ಕೆ ತಕ್ಕಂತೆ ಫೈಬರ್‌ನಲ್ಲಿ ಬೆಳಕಿನ ವೇಗ ಬದಲಾಗುವುದು) ಪ್ರತಿ ಸಿಂಬಲ್, ಅಂದರೆ ಒಂದು ಸಲಕ್ಕೆ ಕಳಿಸುವ ಸಂಕೇತ, ಅಕ್ಕಪಕ್ಕದವುಗಳ ಮೇಲೆ ಹರಡಿಕೊಳ್ಳುವುದರಿಂದ, ನಾನ್‌ಲೀನಿಯರ್ ಕೆಡುಕನ್ನು ಲೆಕ್ಕ ಹಾಕಲು ಈಕ್ವಲೈಸರ್‌ಗೆ ಅಕ್ಕಪಕ್ಕದ ಹಲವು ಸಿಂಬಲ್‌ಗಳನ್ನು ತೋರಿಸಲೇಬೇಕು. ನಾನು ಎರಡೂ ಬದಿಗೆ ಹತ್ತು ಹತ್ತು ಸಿಂಬಲ್ ಕೊಟ್ಟಿದ್ದೆ. ಕ್ಯುಪಿಎಸ್‌ಕೆಯಲ್ಲಿ ಸಿಂಬಲ್‌ಗೆ ಎರಡು ಬಿಟ್, ಅಂದರೆ ಹಿಂದಕ್ಕೆ 20 ಬಿಟ್, ಮುಂದಕ್ಕೆ 20 ಬಿಟ್. ನಿಯಮಕ್ಕೆ ಬೇಕಾದ 14 ಮತ್ತು 15ನೇ ಬಿಟ್‌ಗಳು ಆರಾಮಾಗಿ ಒಳಗೆ ಬಂದವು. ಅದೇ ನಿಯಮವನ್ನು ತಿರುಗಿಸಿದರೆ ಮುಂದೆ ಬರುವ ಬಿಟ್‌ಗಳಿಂದಲೂ ಈ ಬಿಟ್ಟನ್ನು ಕಂಡುಹಿಡಿಯಬಹುದು. ನೆಟ್‌ವರ್ಕ್ ಫೈಬರ್ ಕೆಡಿಸಿದ್ದನ್ನು ಸರಿಪಡಿಸುತ್ತಿರಲಿಲ್ಲ. ನಾನೇ ಅರಿಯದೆ ಬಿಟ್ ಸಾಲಿನಲ್ಲಿ ಇಟ್ಟಿದ್ದ ಪುನರುಕ್ತಿಯನ್ನು ಹಿಡಿದು ಎರರ್ ಕರೆಕ್ಷನ್ ಮಾಡುತ್ತಿತ್ತು. ನಿಜವಾದ ಡೇಟಾದಲ್ಲಿ ಆ ನಿಯಮ ಇರುವುದೇ ಇಲ್ಲ.

ಟ್ರೇನಿಂಗ್‌ಗೆ ಒಂದು, ಟೆಸ್ಟಿಂಗ್‌ಗೆ ಇನ್ನೊಂದು ಡೇಟಾ ಇಟ್ಟಿರಲಿಲ್ಲವೇ ಅಂತ ನೀವು ಕೇಳಬಹುದು. ಇಟ್ಟಿದ್ದೆ! ಸೀಡ್ (ರಿಜಿಸ್ಟರ್‌ಗೆ ಮೊದಲು ತುಂಬುವ ಬಿಟ್‌ಗಳು) ಬದಲಿಸಿದ್ದೆ, ನಾಯ್ಸ್ ಬದಲಿಸಿದ್ದೆ. ಆದರೆ ಅದೇ ಶಿಫ್ಟ್ ರಿಜಿಸ್ಟರ್‌ಗೆ ಬೇರೆ ಸೀಡ್ ಕೊಟ್ಟರೆ ಬೇರೆ ಸಾಲು ಹುಟ್ಟುವುದಿಲ್ಲ, ಅದೇ 32,767ರ ಚಕ್ರ ಬೇರೆ ಜಾಗದಿಂದ ಶುರುವಾಗುತ್ತದೆ, ಅಷ್ಟೇ. ಸಾಲು ಎಲ್ಲಿಂದ ಶುರುವಾದರೂ ನಿಯಮ ಅದೇ. ಹಾಗಾಗಿ ಟೆಸ್ಟ್ ಫಲಿತಾಂಶವೂ ಅಷ್ಟೇ ಚೆನ್ನಾಗಿ ಬಂತು, ನನ್ನ ನಂಬಿಕೆಯೂ ಗಟ್ಟಿಯಾಯಿತು.

ಸುಳಿವು ಕಣ್ಣೆದುರೇ ಇತ್ತು. ನೆಟ್‌ವರ್ಕ್‌ಗೆ ತೋರಿಸುವ ಸಿಂಬಲ್‌ಗಳ ಕಿಟಕಿಯನ್ನು ಎರಡೂ ಬದಿಗೆ ಒಂದೊಂದೇ ಸಿಂಬಲ್ ಹಿಗ್ಗಿಸುತ್ತಾ ಹೋದಾಗ ಲಾಭ ನಿಧಾನಕ್ಕೆ ಏರಬೇಕು. ನನ್ನ ಗ್ರಾಫ್‌ನಲ್ಲಿ ಏಳು ಎಂಟು ಸಿಂಬಲ್ ಮುಟ್ಟಿದ ಕೂಡಲೇ ಗೆರೆ ಏಕಾಏಕಿ ಮೇಲಕ್ಕೆ ಜಿಗಿದಿತ್ತು. 15 ಬಿಟ್ ಅಂದರೆ ಏಳೂವರೆ ಸಿಂಬಲ್ ಅನ್ನುವ ಗಣಿತ ತಲೆಗೆ ಹೊಳೆಯಲೇ ಇಲ್ಲ. ಡಿಸ್ಪರ್ಷನ್‌ನ ನೆನಪು ಅಷ್ಟು ದೂರ ಹರಡಿದೆ ಅಂತ ಪ್ರಬಂಧದಲ್ಲಿ ಒಂದು ಪ್ಯಾರಾ ಬರೆದೆ.

ಪಿಆರ್‌ಬಿಎಸ್ ಅನ್ನೇ ಎಲ್ಲರೂ ದಶಕಗಳಿಂದ ಬಳಸುತ್ತಿದ್ದಾರಲ್ಲ ಅಂತ ಅನ್ನಿಸಬಹುದು. ಹಳೆಯ ಈಕ್ವಲೈಸರ್‌ಗಳು ಲೀನಿಯರ್, ಅಂದರೆ ಸಿಂಬಲ್‌ಗಳನ್ನು ತೂಕ ಹಾಕಿ ಕೂಡಿಸಿ ಕಳೆಯುವುದಷ್ಟೇ ಅವಕ್ಕೆ ಗೊತ್ತು. ಎಕ್ಸ್‌ಕ್ಲೂಸಿವ್-ಆರ್ ಅನ್ನು ಕೂಡಿಸಿ ಕಳೆದು ಮಾಡಲಾಗುವುದಿಲ್ಲ, ಗುಣಿಸಬೇಕು. ಲೀನಿಯರ್ ಫಿಲ್ಟರ್ ಕಣ್ಣಿಗೆ ಪಿಆರ್‌ಬಿಎಸ್ ನಿಜಕ್ಕೂ ಯಾದೃಚ್ಛಿಕವೇ. ನ್ಯೂರಲ್ ನೆಟ್‌ವರ್ಕ್ ಬಂದ ಮೇಲೆ ಆ ರಕ್ಷಣೆ ಹೋಯಿತು. ಇದನ್ನು ಎಚ್ಚರಿಸುವ ಲೇಖನ 2017ರಲ್ಲೇ ಬಂದಿದೆ. ಈಕ್ವಲೈಸರ್‌ಗೆ ಕೈ ಹಾಕುವ ಮೊದಲು ಹುಡುಕಿ ಓದಿ.

ಹಿಡಿದದ್ದು ಯಾರು ಗೊತ್ತೇ? ಮಾಡ್ಯುಲೇಟರ್ ಮಾಡುತ್ತಿದ್ದ ಸಹಪಾಠಿ. ನನ್ನ ಗ್ರಾಫ್ ನೋಡಿ ಒಂದೇ ಪ್ರಶ್ನೆ ಕೇಳಿದಳು: "ಪವರ್ ಪೂರ್ತಿ ಇಳಿಸಿ ನೋಡಿದ್ದೀಯಾ?" ಇಳಿಸಿ ನೋಡಿದೆವು. ಲಾಂಚ್ ಪವರ್ (ಫೈಬರ್‌ಗೆ ಕಳಿಸುವ ಪವರ್) 6 ಡಿಬಿ ಇಳಿಸಿದರೆ ಸಿಗ್ನಲ್‌ಗೆ ಹೋಲಿಸಿದಾಗ ನಾನ್‌ಲೀನಿಯರ್ ಕೆಡುಕು 12 ಡಿಬಿ ಇಳಿಯುತ್ತದೆ. ಅಲ್ಲಿ ಉಳಿಯುವುದು ಆಂಪ್ಲಿಫೈಯರ್ ನಾಯ್ಸ್ ಮಾತ್ರ, ಅದು ಒಂದು ಸಿಂಬಲ್‌ಗೂ ಇನ್ನೊಂದಕ್ಕೂ ಸಂಬಂಧವಿಲ್ಲದ್ದು. ಸರಿಪಡಿಸಲು ಏನೂ ಇಲ್ಲದಿರುವಾಗ ಈಕ್ವಲೈಸರ್‌ನ ಲಾಭ ಸೊನ್ನೆಯಾಗಬೇಕು. ನನ್ನದು ಇಳಿಯಲೇ ಇಲ್ಲ. ಎದೆ ಧಸಕ್ಕೆಂದಿತು. ಬಿಟ್‌ಗಳನ್ನು ಸರಿಯಾದ ರ‍್ಯಾಂಡಮ್ ಜನರೇಟರ್‌ನಿಂದ ತೆಗೆದು ಮತ್ತೆ ಓಡಿಸಿದಾಗ, ಅತ್ಯುತ್ತಮ ಪವರ್‌ನಲ್ಲೂ ಅರ್ಧ ಡಿಬಿ ಮುಟ್ಟಲಿಲ್ಲ. ಕಳಿಸಿದ್ದ ಪ್ರಬಂಧವನ್ನು ನಾವೇ ಹಿಂದಕ್ಕೆ ತೆಗೆದುಕೊಂಡೆವು. ಥೀಸಿಸ್‌ನ ಮುಖ್ಯ ಅಧ್ಯಾಯವೇ ಹೋಯಿತು. ವರ್ಷಕ್ಕೂ ಮೀರಿದ ಕೆಲಸ ನೀರಲ್ಲಿ ಹೋಮ ಮಾಡಿದಂತಾಯಿತು.

ಅವಳಿಗೆ ಆ ಪ್ರಶ್ನೆ ಹೇಗೆ ಹೊಳೆಯಿತು ಅಂತ ನಾನು ಬಹಳ ಯೋಚಿಸಿದ್ದೇನೆ. ಡಿವೈಸ್ ಬೆಂಚ್‌ನಲ್ಲಿ ಫೋಟೊಡಿಟೆಕ್ಟರ್ ಅಳೆಯುವವರು ಮೊದಲು ಬೆಳಕನ್ನೇ ಆರಿಸಿ ಡಾರ್ಕ್ ಕರೆಂಟ್ ನೋಡುತ್ತಾರೆ. ಮಾಡ್ಯುಲೇಟರ್‌ನ ಫ್ರೀಕ್ವೆನ್ಸಿ ರೆಸ್ಪಾನ್ಸ್ ಅಳೆಯುವ ಮೊದಲು ಕೇಬಲ್, ಪ್ರೋಬ್ ಎಷ್ಟು ತಿನ್ನುತ್ತವೆ ಅಂತ ಲೆಕ್ಕ ಹಾಕಿ ಕಳೆಯುತ್ತಾರೆ. ಇಲ್ಲದಿದ್ದಾಗ ಏನು ಕಾಣುತ್ತದೆ ಅಂತ ನೋಡದೆ, ಇದ್ದಾಗ ಕಂಡದ್ದನ್ನು ಅವರು ನಂಬುವುದಿಲ್ಲ. ಕೀಬೋರ್ಡ್ ಮುಂದೆಯೇ ಕೂತಿದ್ದ ನನಗೆ ಆ ಅಭ್ಯಾಸ ಯಾರೂ ಹಾಕಿರಲಿಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಡಿವೈಸ್, ಟ್ರಾನ್ಸ್‌ಮಿಷನ್ ಅನ್ನುವ ಬೇಲಿ ಕೋರ್ಸ್ ಪಟ್ಟಿಯಲ್ಲಿ ಮಾತ್ರ ಇದೆ. 1966ರಲ್ಲಿ ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಎಂಬ ಸಂಶೋಧಕರು ಹೇಳಿದ್ದು ಒಂದು ಟ್ರಾನ್ಸ್‌ಮಿಷನ್ ಲೆಕ್ಕ: ಗಾಜಿನ ನಷ್ಟ ಕಿ.ಮೀ.ಗೆ 20 ಡಿಬಿಗಿಂತ ಕೆಳಗಿಳಿದರೆ ಇದು ಸಂಪರ್ಕಕ್ಕೆ ಯೋಗ್ಯ, ಅಂದರೆ ಒಂದು ಕಿ.ಮೀ. ಹೋದ ಮೇಲೆ ನೂರರಲ್ಲಿ ಒಂದು ಪಾಲು ಬೆಳಕು ಉಳಿದರೂ ಸಾಕು. ಅದನ್ನು ಸಾಧಿಸಿದ್ದು 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯ ಗಾಜಿನ ತಜ್ಞರು. 1980ರ ದಶಕದಲ್ಲಿ ರಿಸೀವರ್‌ನ ಸೂಕ್ಷ್ಮತೆ ಹೆಚ್ಚಿಸಲು ಕೊಹೆರೆಂಟ್ ಡಿಟೆಕ್ಷನ್ (ಬಂದ ಬೆಳಕನ್ನು ರಿಸೀವರ್‌ನ ಲೇಸರ್ ಜೊತೆ ಬೆರೆಸಿ ಅಳೆಯುವ ವಿಧಾನ) ಮೇಲೆ ಎಷ್ಟೋ ಜನ ದುಡಿದರು. 1987ರಲ್ಲಿ ಸೌತಾಂಪ್ಟನ್‌ನಲ್ಲಿ ಡೇವಿಡ್ ಪೇನ್ ತಂಡ, ಅತ್ತ ಬೆಲ್ ಲ್ಯಾಬ್ಸ್ ತಂಡ ಎರ್ಬಿಯಂ ಆಂಪ್ಲಿಫೈಯರ್ ತಂದ ಮೇಲೆ ಆ ಪ್ರಶ್ನೆಯೇ ಬದಿಗೆ ಸರಿಯಿತು. ಮತ್ತೆ 2008ರ ಆಸುಪಾಸಿನಲ್ಲಿ ವೇಗದ ಅನಲಾಗ್-ಡಿಜಿಟಲ್ ಕನ್ವರ್ಟರ್ ಮತ್ತು ಡಿಎಸ್‌ಪಿ (ಡಿಜಿಟಲ್ ಸಿಗ್ನಲ್ ಪ್ರೊಸೆಸಿಂಗ್) ಚಿಪ್‌ಗಳಿಂದ ಕೊಹೆರೆಂಟ್ ವಾಪಸ್ ಬಂತು. ಈಗ ದೂರದ ಲಿಂಕ್‌ಗಳೆಲ್ಲ ಅದೇ. ಟ್ರಾನ್ಸ್‌ಮಿಷನ್‌ನವರ ಪ್ರಶ್ನೆಯನ್ನು ಅಳಿಸಿದ್ದೂ ಡಿವೈಸ್, ಬದುಕಿಸಿದ್ದೂ ಡಿವೈಸ್.

ಮುಂದೆಯೂ ಹಾಗೇ ಆಗಬಹುದು. ಟೊಳ್ಳು ತಿರುಳಿನ ಫೈಬರ್‌ನಲ್ಲಿ ನಷ್ಟ ಕಿ.ಮೀ.ಗೆ 0.1 ಡಿಬಿಗಿಂತ ಕೆಳಗೆ ಇಳಿದದ್ದು 2025ರಲ್ಲಿ ಪ್ರಕಟವಾಗಿದೆ. ಸಾಮಾನ್ಯ ಫೈಬರ್ ಇನ್ನೂ 0.2ರ ಹತ್ತಿರ ನಿಂತಿದೆ. ಟೊಳ್ಳು ತಿರುಳಿನ ಫೈಬರ್‌ನಲ್ಲಿ ಬೆಳಕು ಹೆಚ್ಚುಕಡಿಮೆ ಗಾಳಿಯಲ್ಲೇ ಹೋಗುವುದರಿಂದ ಕೆರ್ ಪರಿಣಾಮ ಲೆಕ್ಕಕ್ಕೇ ಬರುವುದಿಲ್ಲ. ಅದು ಎಲ್ಲೆಡೆ ಹಾಸಿದ ದಿನ ನನ್ನಂಥವರ ನಾನ್‌ಲೀನಿಯರ್ ಈಕ್ವಲೈಸರ್ ಯಾರಿಗೆ ಬೇಕು?

ಮಷೀನ್ ಲರ್ನಿಂಗ್ ಬಗ್ಗೆ: ಅವಕಾಶ ಇದೆ, ನೀವು ಅಂದುಕೊಂಡ ಜಾಗದಲ್ಲಿ ಅಲ್ಲ. 64 ಗಿಗಾಬಾಡ್ (ಸೆಕೆಂಡಿಗೆ 6,400 ಕೋಟಿ ಸಿಂಬಲ್) ಲಿಂಕ್‌ನಲ್ಲಿ ಒಂದು ಸಿಂಬಲ್‌ನ ಆಯಸ್ಸು ಸುಮಾರು 15.6 ಪಿಕೊಸೆಕೆಂಡ್. ಪ್ರತಿ ಸಿಂಬಲ್‌ಗೂ ನೂರಾರು ಗುಣಾಕಾರ ಬೇಡುವ ನೆಟ್‌ವರ್ಕನ್ನು ಸೆಕೆಂಡಿಗೆ 6,400 ಕೋಟಿ ಸಲ ಓಡಿಸುವ ಚಿಪ್ ಎಷ್ಟು ಕರೆಂಟ್ ಕುಡಿಯುತ್ತದೆ ಅಂತ ಲೆಕ್ಕ ಹಾಕಿ. ಆ ಲೆಕ್ಕವಿಲ್ಲದ ಈಕ್ವಲೈಸರ್ ಪ್ರಬಂಧಗಳನ್ನು ನಾನು ಗಂಭೀರವಾಗಿ ತೆಗೆದುಕೊಳ್ಳುವುದನ್ನು ಬಿಟ್ಟಿದ್ದೇನೆ. ನಿಧಾನಕ್ಕೆ ಬದಲಾಗುವ ವಿಷಯಗಳಲ್ಲಿ, ಉದಾಹರಣೆಗೆ ಆಂಪ್ಲಿಫೈಯರ್‌ಗಳ ಗೇನ್ ಹೊಂದಿಸುವುದು, ಲಿಂಕ್ ಹದಗೆಡುವ ಮುನ್ನವೇ ಸುಳಿವು ಹಿಡಿಯುವುದು, ಅಲ್ಲಿ ನಿಮ್ಮ ಕೋಡಿಂಗ್‌ಗೆ ಬೆಲೆ ಇದೆ.

ಡಿವೈಸ್‌ನವರನ್ನೂ ನಾನು ಪೂರ್ತಿ ಒಪ್ಪುವುದಿಲ್ಲ. ಬ್ಯಾಂಡ್‌ವಿಡ್ತ್ 100 ಗಿಗಾಹರ್ಟ್ಸ್ ದಾಟಿತು ಅಂತ ಬರೆಯುತ್ತಾರೆ, ಒಳಗೆ ಹೋದ ಬೆಳಕಿನಲ್ಲಿ ಎಷ್ಟು ಹೊರಗೆ ಬಂತು, ಬಯಾಸ್ (ಮಾಡ್ಯುಲೇಟರ್‌ಗೆ ಹೊಂದಿಸಿಟ್ಟ ಸ್ಥಿರ ವೋಲ್ಟೇಜ್) ಒಂದು ಗಂಟೆ ನಿಂತಲ್ಲಿ ನಿಂತಿತೇ ಅಂತ ಹುಡುಕಿದರೆ ಸಿಗುವುದಿಲ್ಲ. 2018ರಲ್ಲಿ ಬಂದ ತೆಳುಪದರದ ಲಿಥಿಯಂ ನಿಯೊಬೇಟ್ ಮಾಡ್ಯುಲೇಟರ್ ಅಷ್ಟು ಗಮನ ಸೆಳೆಯಲು ಕಾರಣ ಬರೀ ವೇಗ ಅಲ್ಲ. ಸಾಮಾನ್ಯ ಚಿಪ್ ಕೊಡಬಲ್ಲಷ್ಟೇ ಕಡಿಮೆ ವೋಲ್ಟೇಜ್‌ನಲ್ಲಿ, ಕಡಿಮೆ ನಷ್ಟದಲ್ಲಿ ಅದು ಆ ವೇಗ ಕೊಟ್ಟಿತು. ಅಂಥದ್ದನ್ನು ಮಾಡಬೇಕಾದರೆ ಲಿಂಕ್ ಏನು ಕೇಳುತ್ತದೆ ಅಂತ ಗೊತ್ತಿರಬೇಕು.

ಹಾಗಾಗಿ ವಿಷಯ ಆರಿಸಬೇಡಿ, ಲ್ಯಾಬ್ ಆರಿಸಿ. ಸೇರುವ ಮೊದಲು ಅಲ್ಲಿನ ಹಿರಿಯ ವಿದ್ಯಾರ್ಥಿಯೊಬ್ಬರ ಹತ್ತಿರ ಮಾತಾಡಿ. ರೀಸರ್ಕ್ಯುಲೇಟಿಂಗ್ ಲೂಪ್ ಇದೆಯೇ ಅಂತ ಕೇಳಿ. ನೂರಿನ್ನೂರು ಕಿ.ಮೀ. ಫೈಬರ್‌ನಲ್ಲಿ ಬೆಳಕನ್ನು ಮತ್ತೆ ಮತ್ತೆ ಸುತ್ತಿಸಿ ಸಾವಿರಾರು ಕಿ.ಮೀ. ಲಿಂಕ್‌ನಂತೆ ಅಳೆಯುವ ವ್ಯವಸ್ಥೆ ಅದು. ಇದ್ದರೆ, ಹೊಸಬರಿಗೆ ಮುಟ್ಟಲು ಬಿಡುತ್ತಾರೆಯೇ ಅಂತಲೂ ಕೇಳಿ. ಪ್ರಕಟವಾದ ಒಂದು ಗ್ರಾಫ್‌ನ ಮೂಲ ಡೇಟಾ ತೋರಿಸಿ ಅನ್ನಿ. ಐದು ನಿಮಿಷದಲ್ಲಿ ತೆಗೆದು ತೋರಿಸುವ ಲ್ಯಾಬ್ ಆದರೆ ಅಲ್ಲಿ ಯಾವ ವಿಷಯ ಕೊಟ್ಟರೂ ಸೇರಿ. ಸಿಮ್ಯುಲೇಷನ್ ಮಾತ್ರ ಇರುವ ಲ್ಯಾಬ್‌ಗೆ, ನಿಮ್ಮಂಥ ಕೋಡಿಂಗ್ ಬಲ್ಲವರು ಹೋಗಲೇಬೇಡಿ ಅನ್ನುತ್ತೇನೆ. ನಿಮಗೆ ಈಗಾಗಲೇ ಬರುವುದನ್ನೇ ಅಲ್ಲಿ ಇನ್ನೂ ನಾಲ್ಕೈದು ವರ್ಷ ಮಾಡುತ್ತೀರಿ.

ಕ್ಲೀನ್‌ರೂಮ್ ಬಗ್ಗೆ ಹೆದರಿಕೆ ಬೇಡ, ಬಹಳ ಡಿವೈಸ್ ವಿದ್ಯಾರ್ಥಿಗಳು ಚಿಪ್ಪನ್ನು ಹೊರಗೆ ಮಾಡಿಸಿ ತಂದು ಅಳೆಯುತ್ತಾರೆ. ಸೇರಿದ ಮೇಲೆ ಮೊದಲ ಕೆಲವು ತಿಂಗಳು ಒಂದೇ ಕೆಲಸ ಮಾಡಿ. ಟ್ರಾನ್ಸ್‌ಮಿಟರನ್ನು ನಡುವೆ ಫೈಬರ್ ಇಲ್ಲದೆ ನೇರ ರಿಸೀವರ್‌ಗೆ ಜೋಡಿಸಿ. ಪ್ರತಿ ಸಲ ಕನೆಕ್ಟರ್ ಒರೆಸಿ, ಅದರ ತುದಿಯನ್ನು ಮೈಕ್ರೊಸ್ಕೋಪ್‌ನಲ್ಲಿ ನೋಡಿಯೇ ಸಿಕ್ಕಿಸಿ. ನಾಯ್ಸನ್ನು ಹಂತ ಹಂತವಾಗಿ ಬೆರೆಸುತ್ತಾ ಬಿಟ್ ಎರರ್ ರೇಟ್‌ನ ಗೆರೆ ಎಳೆಯಿರಿ, ಪಕ್ಕದಲ್ಲಿ ಥಿಯರಿಯ ಗೆರೆ ಎಳೆಯಿರಿ. ಎರಡರ ನಡುವೆ ಒಂದೆರಡು ಡಿಬಿ ಅಂತರ ಸಿಗುತ್ತದೆ. ಅದರಲ್ಲಿ ಲೇಸರ್‌ನ ಪಾಲೆಷ್ಟು, ಮಾಡ್ಯುಲೇಟರ್‌ನ ಪಾಲೆಷ್ಟು, ಕನ್ವರ್ಟರ್‌ದೆಷ್ಟು, ನಿಮ್ಮ ಡಿಎಸ್‌ಪಿ ಕೋಡ್‌ದೆಷ್ಟು ಅಂತ ಒಂದೊಂದಾಗಿ ಲೆಕ್ಕ ಕೊಡಿ. ಅವುಗಳಲ್ಲಿ ಯಾವ ಪಾಲಿನ ಹಿಂದೆ ಬಿದ್ದಾಗ ನಿಮಗೆ ಊಟದ ಹೊತ್ತು ಮರೆಯಿತೋ ಅದನ್ನು ಗೈಡ್‌ಗೆ ಹೇಳಿ, ವಿಷಯ ಆಮೇಲೆ ಬರೆಸಿ.