ಪ್ರೋಗ್ರಾಂನಲ್ಲಿ ಟೈಮ್‌ಔಟ್ ಹಾಕಿದ್ದರೂ ಸರ್ವರ್ ಕೊಟ್ಟ ಉತ್ತರವನ್ನು ಕ್ಲೋಸ್ ಮಾಡಬೇಕೇ?

ಹೌದು, ಮಾಡಲೇಬೇಕು. ಟೈಮ್‌ಔಟ್ ಎಂದರೆ ಎಷ್ಟು ಹೊತ್ತು ಕಾಯಬೇಕೆಂಬ ಮಿತಿ ಅಷ್ಟೇ. ಕೆಲಸ ಮುಗಿದ ತಕ್ಷಣ ಸಂಪರ್ಕವನ್ನು ಬಿಟ್ಟುಕೊಡುವುದು ನಿಮ್ಮ ಹೊಣೆ.

ಗೋ (Go) ಪ್ರೋಗ್ರಾಮಿಂಗ್ ಭಾಷೆಯನ್ನೇ ನೋಡಿ. ಉತ್ತರ ಕೈಗೆ ಬಂದಾಗ ಓದಿ ಮುಗಿದಿರುವುದು ಹೆಡರ್‌ಗಳು, ಅಂದರೆ ಉತ್ತರದ ಬಗೆಗಿನ ವಿವರಗಳು ಮಾತ್ರ. ಬಾಡಿ, ಅಂದರೆ ನಿಜವಾದ ಮಾಹಿತಿ, ಇನ್ನೂ ಬರುತ್ತಿರಬಹುದು. ಅದಕ್ಕಾಗಿಯೇ ಸಂಪರ್ಕ ತೆರೆದಿರುತ್ತದೆ. 404 (ಕೇಳಿದ್ದು ಸಿಗಲಿಲ್ಲ ಎಂಬ ಸರ್ವರ್‌ನ ಸಂಕೇತ) ಕಂಡೊಡನೆ ಬಾಡಿಯನ್ನು ಓದದೆ, ಮುಚ್ಚದೆ ಹಿಂದಿರುಗಿದರೆ ಟೈಮ್‌ಔಟ್ ಮುಗಿಯುವವರೆಗೂ ಆ ಸಂಪರ್ಕ ವ್ಯರ್ಥವಾಗಿ ಸಿಕ್ಕಿಕೊಂಡಿರುತ್ತದೆ. ಹೀಗೆ ಸಂಪರ್ಕಗಳು ಮುಚ್ಚದೆ ಉಳಿಯುವ ಸೋರಿಕೆ ಹೆಚ್ಚಾಗಿ ಅಡಗಿರುವುದು ಇಂಥ ದೋಷದ ಹಾದಿಗಳಲ್ಲೇ. ಕೋರಿಕೆಗಳು ಹೆಚ್ಚಿದಂತೆ, ತೆರೆದಿಡಬಹುದಾದ ಸಂಪರ್ಕಗಳ ಮಿತಿ ಮುಗಿದು ಹೊಸದು ಸಿಗದಾಗುತ್ತದೆ.

ಕೋರಿಕೆ ದೋಷವಿಲ್ಲದೆ ಉತ್ತರ ತಂದಿದೆಯೆಂದು ಖಚಿತವಾದ ಮರುಸಾಲಿನಲ್ಲೇ, 404 ಇದೆಯೇ ಎಂದು ನೋಡುವ ಮುನ್ನವೇ, ‘ಡಿಫರ್’ (ಫಂಕ್ಷನ್ ಮುಗಿಯುವಾಗ ಇದನ್ನು ನಡೆಸು ಎಂಬ ಸೂಚನೆ) ಬಳಸಿ ಕ್ಲೋಸ್ ಮಾಡಿ. ಗೋದ ಡಿಫಾಲ್ಟ್ ಕ್ಲೈಂಟ್‌ಗೆ (ಕೋರಿಕೆ ಕಳಿಸಲು ಅದರಲ್ಲೇ ಸಿದ್ಧವಾಗಿರುವ ಸಾಧನಕ್ಕೆ) ಒಟ್ಟಾರೆ ಟೈಮ್‌ಔಟ್ ಇಲ್ಲ. ಅದನ್ನೂ ನೀವೇ ಹಾಕಬೇಕು.